ಸಂಘದೊಳಗೊಂದು ಕೂಟ

ಕಳೆದ ಜೂನ್ ತಿಂಗಳಿನ ಒಂದು ಮಧ್ಯಾಹ್ನ, ಅಧ್ಯಾಪಕರ ಕೊಠಡಿಯಲ್ಲಿ ಕುಳಿತು ಉತ್ತರಪತ್ರಿಕೆಗಳ ಮೇಲೆ ಕೆಂಪು ಮಸಿಯನ್ನು ಧಾರಾಳವಾಗಿ ಚೆಲ್ಲುತ್ತಿದ್ದೆ. ವಾಣಿಜ್ಯ ವಿಭಾಗದ ಮಿತ್ರರೊಬ್ಬರು ಬಂದು, ನಾಲ್ಕಾಗಿ ಮಡಿಸಿದ್ದ ಕಾಗದವೊಂದನ್ನು ನನ್ನ ಮುಂದಿಟ್ಟು, “ಓದಿ ನೋಡಿ ರುಜು ಹಾಕಿ, ಓದದೆ ಹಾಕಿದರೂ ಅಡ್ಡಿಯಿಲ್ಲ” ಎಂದರು. ಓದಿದೆ. ನಮ್ಮ ಅಧ್ಯಾಪಕರ ಸಂಘದೊಳಗೆ ಸಮಾನಮನಸ್ಕರಾದ ಕೆಲವರು ಕಟ್ಟಿಕೊಂಡಿರುವ ಕೂಟವೊಂದಕ್ಕೆ ನಾನು ಸೇರುವುದಾಗಿಯೂ, ನನ್ನ ಭಿನ್ನಾಭಿಪ್ರಾಯಗಳನ್ನು ಕೂಟದೊಳಗೆ ಮಾತ್ರ ಹೇಳುವುದಾಗಿಯೂ, ಸಂಘದ ಮಹಾಸಭೆಯಲ್ಲಿ ಕೂಟದ ತೀರ್ಮಾನದಂತೆಯೇ ಕೈಯೆತ್ತುವುದಾಗಿಯೂ ಅದರಲ್ಲಿ ಬರೆದಿತ್ತು. ಕನ್ನಡ ಎಂ.ಎ. ಮಾಡಿದವನ ದುರಭ್ಯಾಸ ನೋಡಿ: ಎರಡು ಕಾಗುಣಿತದ ತಪ್ಪುಗಳು ಕಣ್ಣಿಗೆ ಬಿದ್ದವು; ಅವನ್ನು ಕೆಂಪು ಮಸಿಯಲ್ಲಿಯೇ ತಿದ್ದಿದೆ. ವಾಕ್ಯದ ಅರ್ಥದ ಕಡೆಗೆ ಅಷ್ಟು ಗಮನ ಕೊಡದೆ, ಅದೇ ಮಸಿಯಲ್ಲಿ ರುಜುವನ್ನೂ ಹಾಕಿದೆ.

ಸಂಜೆ ಮನೆಯಲ್ಲಿ ಈ ಸಂಗತಿಯನ್ನು ಹೆಮ್ಮೆಯಿಂದಲೇ ಹೇಳಿದೆ. ನನ್ನ ಗೃಹಿಣಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದವಳು ತಲೆಯೆತ್ತದೆ, “ನೀವು ಮೊದಲೇ ಸಂಘದ ಸದಸ್ಯರಲ್ಲವೇ? ಸಂಘದೊಳಗೆ ಮತ್ತೊಂದು ಸಂಘವೇಕೆ? ದೇವರ ಕೋಣೆಯೊಳಗೆ ಇನ್ನೊಂದು ದೇವರ ಕೋಣೆ ಕಟ್ಟಿದ ಹಾಗಾಯಿತು” ಎಂದಳು. ದೇವಾಲಯದಲ್ಲಿ ಗರ್ಭಗುಡಿ ಉಂಟು, ಅದರ ಮುಂದೆ ಸುಕನಾಸಿ ಉಂಟು, ಆಮೇಲೆ ನವರಂಗ ಉಂಟು. ಎಲ್ಲರೂ ನವರಂಗದಲ್ಲಿಯೇ ನಿಂತರೆ ದೇವರನ್ನು ಎತ್ತಿಕೊಳ್ಳುವವರಾರು ಎಂದು ನಾನು ವಾದಿಸಿದೆ. “ಹಾಗಾದರೆ ನೀವು ಈಗ ಅರ್ಚಕರೋ?” ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಹೇಳುವ ಬದಲು ನಾನೂ ನಾಲ್ಕು ಹುರುಳಿಕಾಯಿ ತೆಗೆದುಕೊಂಡೆ.

ವಾಚಕರಲ್ಲಿ ಅಧ್ಯಾಪಕರಲ್ಲದವರೂ ಇರುವುದರಿಂದ ಒಂದೆರಡು ಮಾತು ವಿವರಿಸಬೇಕು. ಸಂಘವೆಂದರೆ ಎಲ್ಲರದು, ಚಂದಾ ಕೊಟ್ಟವರೆಲ್ಲರೂ ಅದರ ಸದಸ್ಯರು. ಆದರೆ ನಾಲ್ಕು ನೂರು ಜನ ಕುಳಿತ ಸಭಾಂಗಣದಲ್ಲಿ ಒಬ್ಬನೇ ಎದ್ದು ಒಂದು ಒಳ್ಳೆಯ ಮಾತನ್ನು ಹೇಳಿದರೆ ಏನಾಗುತ್ತದೆ? ಧ್ವನಿವರ್ಧಕವು ಆತನ ಕೈಗೆ ಬರುವ ಹೊತ್ತಿಗೆ ಊಟದ ಹೊತ್ತಾಗಿರುತ್ತದೆ, ಬಂದರೂ ಅನುಮೋದಿಸುವವರಿರುವುದಿಲ್ಲ. ಅನುಭವಸ್ಥರು ಹಾಗೆ ಮಾಡುವುದಿಲ್ಲ. ಅವರು ಹಿಂದಿನ ಭಾನುವಾರವೇ ಯಾವುದೋ ಹೋಟೆಲಿನ ಮಹಡಿಯಲ್ಲಿ ಇಪ್ಪತ್ತು ಜನ ಸೇರಿ, ಯಾರು ಮೊದಲು ಮಾತನಾಡಬೇಕು, ಯಾರು ಅನುಮೋದಿಸಬೇಕು, ಎದುರಿನವರು ತಿದ್ದುಪಡಿ ತಂದರೆ ಯಾರು ಕ್ರಿಯಾಲೋಪವೆತ್ತಬೇಕು ಎಂಬುದನ್ನೆಲ್ಲ ನಿರ್ಧರಿಸಿಕೊಂಡಿರುತ್ತಾರೆ. ಸಭೆಯಲ್ಲಿ ನಮಗೆ ಕಾಣುವುದು ನಾಟಕ. ತಾಲೀಮು ಮಹಡಿಯ ಮೇಲೆ ಆಗಿಹೋಗಿರುತ್ತದೆ. ಈ ಮಹಡಿಯ ಮೇಲಿನವರ ಕೂಟಕ್ಕೆ ಇಂಗ್ಲಿಷಿನಲ್ಲಿ ಕಾಕಸ್ ಎಂದು ಹೆಸರು.

ಈ ಪದದ ಜಾಡು ಹಿಡಿದು ಹೋಗುವುದು ನನ್ನಂಥವರಿಗೆ ಹಬ್ಬ. ಇದು ಅಮೆರಿಕದ ಬಾಸ್ಟನ್ ನಗರದಲ್ಲಿ ಹುಟ್ಟಿದ ಮಾತು. ಆಮೇಲೆ ಆ ದೇಶದ ಅಧ್ಯಕ್ಷನಾದ ಜಾನ್ ಆಡಮ್ಸನು ೧೭೬೩ರ ತನ್ನ ದಿನಚರಿಯಲ್ಲಿ, ಊರಿನ ಪ್ರಮುಖರು ಒಬ್ಬ ಗೃಹಸ್ಥನ ಅಟ್ಟದ ಮೇಲೆ ಸೇರಿ, ಆಚೆಯವರು ಈಚೆಯವರಿಗೆ ಕಾಣದಷ್ಟು ಹೊಗೆಸೊಪ್ಪು ಸೇದುತ್ತ, ಊರಿನ ಅಧಿಕಾರಿಗಳು ಯಾರಾಗಬೇಕೆಂದು ಚುನಾವಣೆಗೆ ಮೊದಲೇ ಆರಿಸಿಬಿಡುತ್ತಾರೆಂದು ಬರೆದಿದ್ದಾನೆ. ಪದದ ಮೂಲದ ವಿಷಯದಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಅಲ್ಲಿಯ ಮೂಲನಿವಾಸಿಗಳ ಭಾಷೆಯಲ್ಲಿ ಆಲೋಚನೆ ಹೇಳುವವನಿಗಿದ್ದ ಹೆಸರಿನಿಂದ ಬಂದಿರಬಹುದೆಂದು ಕೆಲವರು ಹೇಳುತ್ತಾರೆ. ಹೊಗೆಯಂತೂ ಈಗಿಲ್ಲ. ನಮ್ಮ ಕೂಟದಲ್ಲಿ ಮಸಾಲೆದೋಸೆ ಉಂಟು. ಅಟ್ಟವೊಂದು ಮಾತ್ರ ಹಾಗೆಯೇ ಉಳಿದಿದೆ.

ನಾನು ರುಜು ಹಾಕಿದ ಆ ಕಾಗದದ ಒಕ್ಕಣೆ ನಮ್ಮವರ ಸ್ವಂತ ಬುದ್ಧಿಯಿಂದ ಬಂದುದೆಂದೇ ಬಹುದಿನ ನಂಬಿದ್ದೆ. ಅನಂತರ ಓದುತ್ತ ಹೋದಾಗ ತಿಳಿಯಿತು, ನ್ಯೂಯಾರ್ಕ್ ನಗರದ ಶಾಲಾ ಅಧ್ಯಾಪಕರ ಸಂಘದೊಳಗೆ ಅರವತ್ತು ವರ್ಷಗಳಿಂದಲೂ ಇದಕ್ಕೆ ಅಣ್ಣನಂತಿರುವ ಕಟ್ಟಳೆಯೊಂದು ನಡೆದುಬಂದಿದೆಯೆಂದು. ಆ ಸಂಘ ಹುಟ್ಟಿದ್ದು ೧೯೬೦ರಲ್ಲಿ. ಅದೇ ವರ್ಷದ ನವೆಂಬರ್ ೭ರಂದು, ಮುಷ್ಕರ ಹೂಡಿದರೆ ಕೆಲಸ ಹೋಗುವ ಕಾನೂನಿದ್ದರೂ, ಕೆಲವು ಸಾವಿರ ಅಧ್ಯಾಪಕರು ಒಂದು ದಿನದ ಮುಷ್ಕರ ಹೂಡಿದರು. ೧೯೬೧ರ ಡಿಸೆಂಬರಿನಲ್ಲಿ ನಗರದ ಅಧ್ಯಾಪಕರೆಲ್ಲರ ಪರವಾಗಿ ಮಾತನಾಡುವ ಅಧಿಕಾರವನ್ನು ಮತದಾನದಲ್ಲಿ ಗೆದ್ದುಕೊಂಡರು. ಇಂದು ಅದರ ಸದಸ್ಯರು ಲಕ್ಷವನ್ನು ಮೀರಿದ್ದಾರೆ. ಅದರೊಳಗಿನ ಆಡಳಿತದ ಕೂಟಕ್ಕೆ ಯೂನಿಟಿ, ಅಂದರೆ ಐಕ್ಯ, ಎಂದು ಹೆಸರು. ಸಂಘದ ಅಧ್ಯಕ್ಷಪದವಿ ಆರಂಭದ ದಿನಗಳಿಂದ ೨೦೨೫ರ ಚುನಾವಣೆಯವರೆಗೂ ಆ ಕೂಟದ ಕೈ ಬಿಟ್ಟಿಲ್ಲ. ಒಂದೇ ಮನೆತನದ ಆಳ್ವಿಕೆಯೆಂದರೆ ಹೀಗಿರಬೇಕು!

ಅಲ್ಲಿ ಕೂಟಕ್ಕೆ ಸೇರುವವನು ಒಪ್ಪಿಕೊಳ್ಳಬೇಕಾದ ಕರ್ತವ್ಯಗಳು ಇವು: ಟೀಕೆಯನ್ನು ಕೂಟದೊಳಗೇ ಮಾಡಬೇಕು, ಹೊರಗೆ, ಸಂಘದ ಸಭೆಯಲ್ಲಾಗಲಿ ಸಾರ್ವಜನಿಕರೆದುರಿಗಾಗಲಿ, ಕೂಟದ ತೀರ್ಮಾನವನ್ನು ಬೆಂಬಲಿಸಬೇಕು, ಕೂಟ ನಿಲ್ಲಿಸಿದವರಿಗೇ ಮತ ಕೊಡಬೇಕು, ಕೂಟದ ಒಪ್ಪಿಗೆಯಿಲ್ಲದೆ ತಾನು ಚುನಾವಣೆಗೆ ನಿಲ್ಲಕೂಡದು. ಕೇಳುವುದಕ್ಕೆ ಕಠೋರವಾಗಿದೆ. ಆದರೆ ಅವರ ಪಕ್ಷದ ವಾದವನ್ನೂ ಕೇಳಬೇಕು. ಎದುರಿಗಿರುವುದು ನಗರದ ಮೇಯರು, ಅವನ ಖಜಾನೆ, ಅವನ ವಕೀಲರು, ಅವನ ಪತ್ರಿಕೆಗಳು. ಅಂಥವರೊಡನೆ ಸಂಬಳದ ಮಾತನಾಡಲು ಹೋದಾಗ ನಮ್ಮವರಲ್ಲಿಯೇ ಇಬ್ಬರು ಎರಡು ಮಾತನಾಡಿದರೆ, ಮೇಯರು ಮೂರನೆಯ ಮಾತನ್ನು ಹೇಳಿ ಎದ್ದುಹೋಗುತ್ತಾನೆ. ಶಿಸ್ತಿಲ್ಲದ ಸಂಘ ಸಂತೆಯಾಗುತ್ತದೆ. ಇದನ್ನು ನಾನು ಅಲ್ಲಗಳೆಯಲಾರೆ. ಸಂತೆಯಾದ ಸಂಘಗಳನ್ನು ಈ ಕಣ್ಣುಗಳಿಂದಲೇ ಕಂಡಿದ್ದೇನೆ.

ಆ ಶಿಸ್ತಿನ ಹಿಂದೆ ಒಂದು ಹಳೆಯ ಗಾಯವಿದೆ. ಅದನ್ನು ತಿಳಿಯದೆ ಆ ರುಜುವಿನ ಕಾಗದವನ್ನು ಹಳಿಯುವುದು ನ್ಯಾಯವಲ್ಲ.

ನ್ಯೂಯಾರ್ಕಿನಲ್ಲಿ ಇದಕ್ಕಿಂತ ಹಳೆಯದಾದ ಅಧ್ಯಾಪಕರ ಸಂಘವೊಂದಿತ್ತು. ೧೯೧೬ರಲ್ಲಿ ಅಮೆರಿಕದ ಅಧ್ಯಾಪಕರ ಮಹಾಸಂಘ ಸ್ಥಾಪನೆಯಾದಾಗ ಅದರೊಡನೆ ಸೇರಿದ ಮೊದಲಿಗರಲ್ಲಿ ಅದೂ ಒಂದು. ಹೆನ್ರಿ ಲಿನ್‌ವಿಲ್ ಎಂಬ ಜೀವಶಾಸ್ತ್ರದ ಅಧ್ಯಾಪಕರು ಅದರ ನಾಯಕರು. ಮಹಾದಾರ್ಶನಿಕರಾದ ಜಾನ್ ಡ್ಯೂಯಿ ಅವರಂಥವರು ಅದರ ಸದಸ್ಯರು. ಡ್ಯೂಯಿ ಎಂದರೆ ನಮಗೆ ಪರಕೀಯರೇನಲ್ಲ. ೧೯೧೩ರಿಂದ ೧೯೧೬ರವರೆಗೆ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಡಾ. ಅಂಬೇಡ್ಕರರು ಅವರ ಪಾಠಗಳನ್ನು ಕೇಳಿದ್ದರು. ಕೊನೆಯವರೆಗೂ ಆ ಗುರುವನ್ನು ಗೌರವದಿಂದ ನೆನೆಯುತ್ತಿದ್ದರು.

ಮೂವತ್ತರ ದಶಕದ ಆರಂಭದಲ್ಲಿ ಆರ್ಥಿಕ ಮುಗ್ಗಟ್ಟು ಕವಿದಾಗ ಕೆಲಸವಿಲ್ಲದ ಯುವಕ ಅಧ್ಯಾಪಕರು, ಕಾಯಂ ಆಗದೆ ಬದಲಿ ಕೆಲಸ ಮಾಡುತ್ತಿದ್ದವರು, ಆ ಸಂಘಕ್ಕೆ ಬಂದು ತುಂಬಿದರು. ಅವರೊಡನೆ ಕೂಟಗಳೂ ಬಂದವು. ಒಂದು ಕೂಟ ಕಮ್ಯೂನಿಸ್ಟ್ ಪಕ್ಷದೊಡನೆ ನಡೆಯತಕ್ಕದ್ದು. ಇನ್ನೊಂದು ಆ ಪಕ್ಷದಿಂದಲೇ ಒಡೆದು ಬಂದವರದು, ಆದುದರಿಂದ ಮೊದಲನೆಯದನ್ನು ಕಂಡರೆ ಅದಕ್ಕೆ ಇನ್ನೂ ಹೆಚ್ಚು ರೋಷ. ಸಭೆಗಳು ನಡುರಾತ್ರಿಯಾದರೂ ಮುಗಿಯದಾದವು. ಹಳಬರು ಬೇಸತ್ತು, ಈ ಕೂಟಗಳ ಮುಂದಾಳುಗಳ ಮೇಲೆ ದೂರು ಕೊಟ್ಟರು. ವಿಚಾರಣೆಗೆ ಒಂದು ಸಮಿತಿಯಾಯಿತು. ಅದರ ಅಧ್ಯಕ್ಷತೆಯನ್ನು ಡ್ಯೂಯಿ ಅವರೇ ವಹಿಸಿದರು. ಆಗ ಅವರಿಗೆ ಎಪ್ಪತ್ತಮೂರು ವರ್ಷ! ಆ ವಯಸ್ಸಿನಲ್ಲಿ, ಆ ಕೀರ್ತಿಯಲ್ಲಿ, ಶಾಲಾ ಮಾಸ್ತರರ ಜಗಳ ಬಿಡಿಸಲು ಕುಳಿತ ಆ ಮುದುಕರ ಮೇಲೆ ನನಗೆ ಅಪಾರ ಗೌರವ. ೧೯೩೩ರಲ್ಲಿ ಅವರ ಸಮಿತಿ ವರದಿ ಕೊಟ್ಟಿತು. ಕೂಟಗಳು ಸಂಘದ ಕೆಲಸವನ್ನು ಕೆಡಿಸುತ್ತಿವೆಯೆಂದು ಕಂಡುಕೊಂಡಿತು. ಆದರೆ ಆ ಮುಂದಾಳುಗಳನ್ನು ಅಮಾನತಿನಲ್ಲಿಡಲು ಬೇಕಾದ ಬಹುಮತ ಸಭೆಯಲ್ಲಿ ದೊರೆಯಲಿಲ್ಲ.

ಎರಡು ವರ್ಷಗಳ ಮೇಲೆ, ೧೯೩೫ರಲ್ಲಿ, ಲಿನ್‌ವಿಲ್ಲರು ತಾವೇ ಕಟ್ಟಿ ಬೆಳೆಸಿದ್ದ ಸಂಘವನ್ನು ಬಿಟ್ಟು ನೂರಾರು ಜನರೊಡನೆ ಹೊರನಡೆದು ಬೇರೊಂದು ಸಂಘವನ್ನು ಕಟ್ಟಿದರು. ಡ್ಯೂಯಿ ಅವರೂ ಆ ಕಡೆಗೇ ಹೋದರು. ಉಳಿದ ಹಳೆಯ ಸಂಘ ದೊಡ್ಡದಾಗಿಯೇ ಬೆಳೆಯಿತು. ಹಾರ್ಲೆಮ್ಮಿನ ಬಡ ನೀಗ್ರೋ ಮಕ್ಕಳ ಶಾಲೆಗಳಿಗಾಗಿ ಅದು ಹೋರಾಡಿದ್ದನ್ನು ಅದರ ಶತ್ರುಗಳೂ ಮರೆಯಬಾರದು. ಆದರೆ ೧೯೪೧ರಲ್ಲಿ ಮಹಾಸಂಘ ಅದನ್ನು ಹೊರಹಾಕಿತು. ೧೯೪೯ರಲ್ಲಿ, ಅಧ್ಯಾಪಕರ ರಾಜಕೀಯ ನಿಷ್ಠೆಯನ್ನು ಶೋಧಿಸುವ ಫೈನ್‌ಬರ್ಗ್ ಕಾನೂನು ಆ ರಾಜ್ಯದಲ್ಲಿ ಬಂದಿತು. ಐವತ್ತರ ದಶಕದಲ್ಲಿ ಅದರ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಕರೆದು ಪ್ರಶ್ನಿಸಿ ಮನೆಗೆ ಕಳುಹಿಸುತ್ತಿದ್ದಾಗ, ಜೊತೆಗೆ ನಿಲ್ಲಬೇಕಾದ ಸಹೋದರ ಸಂಘವು ಅವರಿಂದ ಬಹಳ ದೂರ ನಿಂತಿತ್ತು. ನೂರಾರು ಮಂದಿ ಕೆಲಸ ಕಳೆದುಕೊಂಡರು. ಅವರಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದವರಿದ್ದರು. ಅವರ ಪಾಠದಲ್ಲಿ ತಪ್ಪಿತ್ತೆಂದು ಯಾರೂ ಹೇಳಿರಲಿಲ್ಲ. ೧೯೬೪ರಲ್ಲಿ ಆ ಹಳೆಯ ಸಂಘ ತಾನಾಗಿಯೇ ಬಾಗಿಲು ಮುಚ್ಚಿತು.

ಈ ಕಥೆಯಲ್ಲಿ ತಪ್ಪು ಯಾರದು? ಹೊರಗಿನ ಪಕ್ಷದ ಆಜ್ಞೆಯನ್ನು ಜೇಬಿನಲ್ಲಿಟ್ಟುಕೊಂಡು ಸಭೆಗೆ ಬರುತ್ತಿದ್ದವರನ್ನು ನಾನು ಒಪ್ಪಲಾರೆ. ಕಾಯಂ ಕೆಲಸವಿದ್ದ ಹಿರಿಯರು, ಕೆಲಸವಿಲ್ಲದ ಕಿರಿಯರ ಕೂಗನ್ನು ಬರಿಯ ಗದ್ದಲವೆಂದು ಎಣಿಸಿದ್ದನ್ನೂ ಒಪ್ಪಲಾರೆ. ಎರಡು ಕಡೆಯವರೂ ಅಟ್ಟದ ಮೇಲೆ ತೀರ್ಮಾನ ಮುಗಿಸಿಕೊಂಡೇ ಬರುತ್ತಿದ್ದರಾದುದರಿಂದ, ಒಬ್ಬರ ಮಾತಿನಿಂದ ಇನ್ನೊಬ್ಬರ ಮನಸ್ಸು ಬದಲಾಗುವ ಸಂಭವವೇ ಅಲ್ಲಿರಲಿಲ್ಲ. ಸಭೆ ಎಂಬುದು ತಲೆಗಳನ್ನೆಣಿಸುವ ಸ್ಥಳವಾಗಿತ್ತು, ಅಷ್ಟೆ. ೧೯೬೦ರಲ್ಲಿ ಹೊಸ ಸಂಘ ಕಟ್ಟಿದವರಲ್ಲಿ ಲಿನ್‌ವಿಲ್ಲರ ಪರಂಪರೆಯವರೇ ಮುಖ್ಯರು. ಇನ್ನು ನಮ್ಮ ಮನೆಯಲ್ಲಿ ಅಂಥ ಜಗಳ ಬೇಡವೆಂದು ಅವರು ತಮ್ಮ ಕೂಟಕ್ಕೆ ಬಲವಾದ ಬೀಗ ಹಾಕಿದರೆ ಆಶ್ಚರ್ಯವೇನು?

ಬೀಗಕ್ಕೊಂದು ಗುಣವುಂಟು, ಕಳ್ಳನನ್ನೂ ತಡೆಯುತ್ತದೆ, ಗಾಳಿಯನ್ನೂ ತಡೆಯುತ್ತದೆ. ೧೯೮೫ರಲ್ಲಿ ಪ್ರೌಢಶಾಲೆಯ ಅಧ್ಯಾಪಕರು ತಮ್ಮ ವಿಭಾಗದ ಉಪಾಧ್ಯಕ್ಷ ಸ್ಥಾನಕ್ಕೆ ವಿರೋಧಿ ಕೂಟದವರೊಬ್ಬರನ್ನು ಆರಿಸಿದರು. ತೊಂಬತ್ತರ ದಶಕದಲ್ಲಿ ನಿಯಮವೇ ಬದಲಾಯಿತು: ಪ್ರೌಢಶಾಲೆಯವರ ಪ್ರತಿನಿಧಿಯನ್ನು ಪ್ರೌಢಶಾಲೆಯವರಷ್ಟೇ ಅಲ್ಲ, ಸಂಘದ ಸದಸ್ಯರೆಲ್ಲರೂ ಸೇರಿ ಆರಿಸತಕ್ಕದ್ದು! ಅಲ್ಲಿ ನಿವೃತ್ತರಿಗೂ ಮತವಿದೆ. ಬಹಳ ಕಾಲ ಈ ನಿವೃತ್ತರ ಮತವೇ ಐಕ್ಯ ಕೂಟದ ಕೋಟೆ. ಆದರೆ ೨೦೨೪ರ ಜೂನಿನಲ್ಲಿ, ತಮ್ಮ ವೈದ್ಯವಿಮೆಯನ್ನು ಬದಲಾಯಿಸಹೊರಟ ನಾಯಕತ್ವದ ಮೇಲೆ ಸಿಟ್ಟಾದ ಆ ಹಿರಿಯರೇ ನಿವೃತ್ತರ ಶಾಖೆಯ ಚುನಾವಣೆಯಲ್ಲಿ ಆ ಕೂಟವನ್ನು ಸೋಲಿಸಿದರು. ಮುದುಕರನ್ನು ಔಷಧಿಯ ವಿಷಯದಲ್ಲಿ ಕೆಣಕಬಾರದೆಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದ ಸಂಗತಿ.

ಇನ್ನು ಷಿಕಾಗೋ. ಅಲ್ಲಿಯ ಕೂಟದ ಕಥೆ ಬೇರೆಯ ತೆರನಾದುದು. ನಿಜ ಹೇಳಬೇಕಾದರೆ ನನ್ನ ನಿದ್ದೆಗೆಡಿಸಿದುದು ಅದೇ.

ಷಿಕಾಗೋ ನಗರದಲ್ಲಿ ೨೦೦೪ರಿಂದ ಮೇಯರು ಒಂದು ಹೊಸ ಯೋಜನೆಯ ಹೆಸರಿನಲ್ಲಿ ಹಳೆಯ ಸರಕಾರಿ ಶಾಲೆಗಳನ್ನು ಮುಚ್ಚಿ, ಖಾಸಗಿಯವರು ನಡೆಸತಕ್ಕ ಶಾಲೆಗಳನ್ನು ತೆರೆಯುತ್ತ ಬಂದರು. ಮುಚ್ಚಿದವು ಬಹುಮಟ್ಟಿಗೆ ಕರಿಯರ ಕೇರಿಗಳ ಶಾಲೆಗಳು. ಅಲ್ಲಿಯ ಅಧ್ಯಾಪಕರ ಸಂಘವನ್ನು ಬಹುಕಾಲದಿಂದ ಆಳುತ್ತಿದ್ದ ಕೂಟ ಇದನ್ನು ಕಂಡೂ ಕಾಣದಂತಿತ್ತು. ೨೦೦೮ರಲ್ಲಿ ಕೆಲವರು ಅಧ್ಯಾಪಕರು ಒಟ್ಟುಗೂಡಿ, ಚುನಾವಣೆಯ ಮಾತೆತ್ತದೆ, ಪುಸ್ತಕಗಳನ್ನು ಓದಿ ಚರ್ಚಿಸತೊಡಗಿದರು. ತಮ್ಮ ನಗರಕ್ಕೆ ಏನಾಗುತ್ತಿದೆ, ದುಡ್ಡು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿದುಕೊಳ್ಳುವುದೇ ಆ ಓದಿನ ಉದ್ದೇಶ. ಸಂಘದ ಕೂಟವೊಂದು ಓದಿನಿಂದ ಆರಂಭವಾಯಿತೆಂದರೆ ಮೇಷ್ಟರಾದ ನನಗೆ ರೋಮಾಂಚನವಾಗುವುದು ಸಹಜ! ಅವರಿಟ್ಟುಕೊಂಡ ಹೆಸರಿನ ಮೊದಲಕ್ಷರಗಳು ಸೇರಿ ಕೋರ್ ಎಂದಾಗುತ್ತದೆ; ಸಾಮಾನ್ಯ ಶಿಕ್ಷಕರ ಕೂಟವೆಂದು ಅದರ ತಾತ್ಪರ್ಯ.

ಓದು ಮುಗಿಸಿ ಅವರು ಹೋದದ್ದು ಸಂಘದ ಕಚೇರಿಗಲ್ಲ, ಮುಚ್ಚಲಿರುವ ಶಾಲೆಗಳ ತಾಯಿತಂದೆಗಳ ಬಳಿಗೆ. ಶಾಲೆ ಮುಚ್ಚುವ ಮೊದಲು ನಗರದವರು ಹೆಸರಿಗೊಂದು ಸಾರ್ವಜನಿಕ ವಿಚಾರಣೆ ನಡೆಸುತ್ತಿದ್ದರು. ಆ ವಿಚಾರಣೆಗಳಿಗೆಲ್ಲ ಈ ಅಧ್ಯಾಪಕರು ತಾಯಂದಿರೊಡನೆ ಹೋಗಿ ಕುಳಿತರು. ೨೦೦೯ರಲ್ಲಿ ಕೆಲವು ಶಾಲೆಗಳು ಮುಚ್ಚುವ ಪಟ್ಟಿಯಿಂದ ಹೊರಬಂದವು. ಅಂದಿನಿಂದ ಜನರಿಗೆ ಇವರ ಮೇಲೆ ನಂಬಿಕೆ ಹುಟ್ಟಿತು. ೨೦೧೦ರ ಸಂಘದ ಚುನಾವಣೆಯಲ್ಲಿ ಐದು ಕೂಟಗಳು ಕಣಕ್ಕಿಳಿದವು. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಜೂನ್ ೧೧ರ ಎರಡನೆಯ ಸುತ್ತಿನಲ್ಲಿ ಕೋರ್ ಕೂಟ ನೂರಕ್ಕೆ ಸುಮಾರು ಅರುವತ್ತು ಮತ ಪಡೆದು ಗೆದ್ದಿತು. ರಸಾಯನಶಾಸ್ತ್ರ ಕಲಿಸುತ್ತಿದ್ದ ಕ್ಯಾರೆನ್ ಲೂಯಿಸ್ ಎಂಬ ಕರಿಯ ಮಹಿಳೆ ಅಧ್ಯಕ್ಷರಾದರು. ಪದಾಧಿಕಾರಿಗಳ ದೊಡ್ಡ ಸಂಬಳಗಳನ್ನು ತಗ್ಗಿಸಿದರು.

ಗೆದ್ದ ಮೇಲಿನ ಕಥೆ ಮುಖ್ಯವಾದುದು. ೨೦೧೧ರಲ್ಲಿ ರಾಜ್ಯದ ಶಾಸನಸಭೆಯ ಮುಂದೆ ಒಂದು ಮಸೂದೆ ಬಂದಿತು. ಷಿಕಾಗೋ ಅಧ್ಯಾಪಕರು ಮುಷ್ಕರ ಹೂಡಬೇಕಾದರೆ ಮತ ಹಾಕಿದವರಲ್ಲಿ ಅಲ್ಲ, ಇರುವ ಸದಸ್ಯರೆಲ್ಲರಲ್ಲಿ ನೂರಕ್ಕೆ ಎಪ್ಪತ್ತೈದು ಜನ ಒಪ್ಪಿರಬೇಕೆಂಬ ಷರತ್ತು ಅದರಲ್ಲಿತ್ತು. ಸಂಧಾನಕ್ಕೆ ಹೋಗಿದ್ದ ಲೂಯಿಸರು, ಇನ್ನೂ ಕೆಟ್ಟದ್ದು ಬರುವುದಕ್ಕಿಂತ ಇದು ವಾಸಿಯೆಂದೋ ಏನೋ, ಅದಕ್ಕೆ ತಲೆಯಾಡಿಸಿ ಬಂದರು. ಆಕೆಯ ಮೇಲೆ ತಿರುಗಿಬಿದ್ದವರು ಸೋತ ಕೂಟದವರಷ್ಟೇ ಅಲ್ಲ, ಸ್ವಂತ ಕೂಟದವರೇ! ನಮ್ಮನ್ನು ಕೇಳದೆ ಒಪ್ಪಿದ್ದೇಕೆಂದು ಮುಖಕ್ಕೆ ಕೇಳಿದರು. ಸಂಘವು ತನ್ನ ಬೆಂಬಲವನ್ನು ಹಿಂತೆಗೆದುಕೊಂಡಿತು. ನಮ್ಮ ದೇಶದಲ್ಲಾಗಿದ್ದರೆ ಕೇಳಿದವರನ್ನು ಹೊರಹಾಕುತ್ತಿದ್ದರು, ಇಲ್ಲವೆ ನಾಯಕರು ರಾಜೀನಾಮೆ ಬಿಸುಟು ಹೊಸ ಕೂಟ ಕಟ್ಟುತ್ತಿದ್ದರು. ಅಲ್ಲಿ ಎರಡೂ ಆಗಲಿಲ್ಲ. ಆಕೆ ಅಧ್ಯಕ್ಷರಾಗಿಯೇ ಮುಂದುವರಿದರು; ಕೇಳಿದವರು ಕೂಟದಲ್ಲಿಯೇ ಉಳಿದರು. ಮಸೂದೆಯೇನೋ ಕಾನೂನಾಯಿತು. ಆದರೆ ಮರುವರ್ಷದ ಜೂನಿನಲ್ಲಿ ಮತ ತೆಗೆದಾಗ, ಆ ಎಪ್ಪತ್ತೈದರ ಗೋಡೆಯನ್ನು ದಾಟಿ, ಇಡೀ ಸದಸ್ಯರಲ್ಲಿ ನೂರಕ್ಕೆ ತೊಂಬತ್ತರಷ್ಟು ಜನ ಮುಷ್ಕರಕ್ಕೆ ಒಪ್ಪಿಗೆ ಕೊಟ್ಟಿದ್ದರು.

೨೦೧೨ರ ಸೆಪ್ಟೆಂಬರ್ ೧೦ರಂದು ಸುಮಾರು ೨೬,೦೦೦ ಅಧ್ಯಾಪಕರು, ಸಿಬ್ಬಂದಿಯವರು ಕೆಂಪು ಅಂಗಿ ತೊಟ್ಟು ಬೀದಿಗಿಳಿದರು. ೧೯೮೭ರ ಅನಂತರ, ಇಪ್ಪತ್ತೈದು ವರ್ಷಗಳಲ್ಲಿ, ಆ ನಗರದ ಅಧ್ಯಾಪಕರು ಹೂಡಿದ ಮೊದಲ ಮುಷ್ಕರ ಅದು. ಆ ವಾರದ ಕೊನೆಗೆ ಒಪ್ಪಂದದ ಕರಡು ಸಿದ್ಧವಾಯಿತು. ಭಾನುವಾರ ಶಾಲೆಗಳ ಪ್ರತಿನಿಧಿಗಳ ಸಭೆ. ನಾಯಕರು ತಂದ ಕರಡು, ನಾಯಕರು ಅದೇ ಕೂಟದವರು, ಮೇಯರು ಕಾದು ಕುಳಿತಿದ್ದಾರೆ, ಪತ್ರಿಕೆಗಳು ಕೂಗುತ್ತಿವೆ. ಅಂಥ ಹೊತ್ತಿನಲ್ಲಿ ಪ್ರತಿನಿಧಿಗಳು ಹೇಳಿದರು: ನಮ್ಮ ಶಾಲೆಯವರು ಇದನ್ನಿನ್ನೂ ಓದಿಲ್ಲ, ಓದಲು ನಮಗೆ ಸಮಯ ಬೇಕು. ಮುಷ್ಕರ ಇನ್ನೂ ಎರಡು ದಿನ ಮುಂದುವರಿಯಿತು. ಆ ದಿನಗಳಲ್ಲಿ ಶಾಲೆಗಳ ಮುಂದಿನ ಕಾಲುದಾರಿಯ ಮೇಲೆ ಅಧ್ಯಾಪಕರು ಗುಂಪುಗುಂಪಾಗಿ ಕುಳಿತು ಒಪ್ಪಂದದ ಪುಟಗಳನ್ನು ಓದಿದರು. ಮೇಯರು ನ್ಯಾಯಾಲಯಕ್ಕೆ ಹೋದರು. ಮಂಗಳವಾರ, ೧೮ರಂದು, ಪ್ರತಿನಿಧಿಗಳು ಮತ್ತೆ ಸೇರಿ ಮುಷ್ಕರ ನಿಲ್ಲಿಸಲು ಒಪ್ಪಿದರು. ಬುಧವಾರ ಶಾಲೆಗಳು ತೆರೆದವು.

ಈ ಎರಡು ದಿನಗಳ ಸಂಗತಿಯನ್ನು ನಾನು ಮೂರು ಸಲ ಓದಿದೆ. ತಮ್ಮ ಕೂಟದ ನಾಯಕರೇ ತಂದ ಒಪ್ಪಂದವನ್ನು, ತಮ್ಮ ಕೂಟದ ಮೇಲೆ ಅಪನಂಬಿಕೆಯಿಲ್ಲದೆಯೇ, ಓದಿ ನೋಡುತ್ತೇವೆಂದು ಹೇಳುವ ಧೈರ್ಯ! “ಓದದೆ ಹಾಕಿದರೂ ಅಡ್ಡಿಯಿಲ್ಲ” ಎಂಬ ಮಾತಿಗೆ ರುಜು ಹಾಕಿದ ನನಗೆ ಆಗ ಮೈ ಜುಮ್ಮೆಂದಿತು.

ಷಿಕಾಗೋದಲ್ಲಿ ಸ್ವರ್ಗ ಇಳಿದುಬಂದಿತೆಂದು ವಾಚಕರು ಭಾವಿಸಬಾರದು. ೨೦೧೩ರಲ್ಲಿ ನಗರದವರು ಸುಮಾರು ಐವತ್ತು ಶಾಲೆಗಳನ್ನು ಒಂದೇ ಏಟಿಗೆ ಮುಚ್ಚಿದರು. ಸಂಘ ತಡೆಯಲಾರದೆ ಹೋಯಿತು. ಲೂಯಿಸರು ಮಿದುಳಿನ ಗೆಡ್ಡೆಯಿಂದ ಬಹುಕಾಲ ನರಳಿ ೨೦೨೧ರ ಫೆಬ್ರವರಿಯಲ್ಲಿ ತೀರಿಕೊಂಡರು. ೨೦೨೩ರಲ್ಲಿ ಆ ಸಂಘದ ಸಂಘಟಕರಾಗಿದ್ದವರೊಬ್ಬರೇ ನಗರದ ಮೇಯರಾದರು. ಒಂದು ಕಾಲದ ವಿರೋಧಿ ಕೂಟ ಹೀಗೆ ಆಳುವ ಕೂಟವಾಗಿ ಹದಿನೈದು ವರ್ಷಗಳಾದವು. ಈಗ ಅದರ ವಿರುದ್ಧವೂ ಹೊಸ ಕೂಟಗಳು ಹುಟ್ಟಿ, ನೀವು ನಮ್ಮ ಮಾತು ಕೇಳುತ್ತಿಲ್ಲವೆಂದು ದೂರುತ್ತಿವೆ. ಸೊಸೆಯಾಗಿ ಬಂದವಳು ಅತ್ತೆಯಾಗದೆ ಇರುವಳೇ?

ನಮ್ಮ ಕಡೆಯ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಕೂಟಗಳು ಯಾವುದರ ಮೇಲೆ ಕಟ್ಟಲ್ಪಡುತ್ತವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾತಿಯುಂಟು, ಜಿಲ್ಲೆಯುಂಟು, ವರ್ಗಾವರ್ಗಿಯ ಕಾಲದಲ್ಲಿ ಯಾರು ಯಾರಿಗೆ ಆಗಿಬಂದರೆಂಬ ಋಣವುಂಟು. ನಮ್ಮ ವಿಧಾನಪರಿಷತ್ತಿನ ಎಪ್ಪತ್ತೈದು ಸ್ಥಾನಗಳಲ್ಲಿ ಏಳನ್ನು ಅಧ್ಯಾಪಕರೇ ಆರಿಸಿ ಕಳುಹಿಸುವುದರಿಂದ, ಅದರ ಮೇಲೆ ಕಣ್ಣಿಟ್ಟವರ ಓಡಾಟವೂ ಉಂಟು. ಆದರೂ ನಾನು ಸೇರಿದ ಕೂಟವನ್ನು ಪೂರ್ತಿಯಾಗಿ ಹಳಿಯಲಾರೆ. ಪಿಂಚಣಿಯ ಕಾಗದ ಸಿಕ್ಕಿಬಿದ್ದಿದ್ದ ಹಿರಿಯರೊಬ್ಬರಿಗಾಗಿ ನಮ್ಮವರು ನಾಲ್ಕು ಸಲ ರಾಜಧಾನಿಗೆ ಹೋಗಿಬಂದರು, ಸ್ವಂತ ಖರ್ಚಿನಲ್ಲಿ. ಒಂಟಿಯಾಗಿದ್ದಾಗ ನನಗಿಲ್ಲದಿದ್ದ ಬಲ ನನಗೆ ಅಲ್ಲಿ ಬಂದುದೂ ನಿಜ. ಮಹಡಿಯ ಮೇಲೆ ಇಪ್ಪತ್ತು ಜನ ನಮ್ಮ ಮಾತನ್ನು ಕಿವಿಗೊಟ್ಟು ಕೇಳುವುದೆಂದರೆ ಸಾಮಾನ್ಯ ಸುಖವಲ್ಲ. ತರಗತಿಯಲ್ಲಿ ಎಂಬತ್ತು ಜನ ಕೇಳದೆ ಇರುವ ಸುಖ ನನಗೆ ಹತ್ತು ವರ್ಷಗಳಿಂದ ಪರಿಚಿತ.

ಡಿಸೆಂಬರಿನಲ್ಲಿ ಒಂದು ಪ್ರಶ್ನೆ ಬಂದಿತು. ವರ್ಷ ವರ್ಷವೂ ಹೊಸದಾಗಿ ನೇಮಕಗೊಂಡು, ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲದೆ ಮನೆಯಲ್ಲಿ ಕೂರುವ ಅತಿಥಿ ಉಪನ್ಯಾಸಕರಿಗೆ ನಮ್ಮ ಸಂಘದಲ್ಲಿ ಮತದಾನದ ಹಕ್ಕಿರುವ ಸದಸ್ಯತ್ವ ಕೊಡಬೇಕೇ ಬೇಡವೇ ಎಂದು. ನಮ್ಮ ವಿಭಾಗದಲ್ಲಿ ಅಂಥವರೊಬ್ಬರಿದ್ದಾರೆ. ನನಗಿಂತ ಎರಡು ವರ್ಷ ದೊಡ್ಡವರು; ಪಂಪನನ್ನು ನನಗಿಂತ ಚೆನ್ನಾಗಿ ಓದಿದವರು. ಮಧ್ಯಾಹ್ನ ನಾವಿಬ್ಬರೂ ಡಬ್ಬಿಗಳನ್ನು ಹಂಚಿಕೊಳ್ಳುತ್ತೇವೆ. ಅವರ ಮನೆಯ ಹುಣಿಸೆ ಗೊಜ್ಜಿಗೆ ನಾನು ಸೋತವನು. ಅತಿಥಿ ಎಂಬ ಪದವನ್ನು ಕಂಡುಹಿಡಿದವರು ಯಾರೋ ತಿಳಿಯದು. ಹತ್ತು ವರ್ಷ ಮನೆಯ ಹೊಸಿಲಲ್ಲೇ ನಿಲ್ಲಿಸಿಕೊಂಡವರನ್ನು ಅತಿಥಿಯೆಂದು ಕರೆಯುವುದು ಯಾವ ನಿಘಂಟಿನಲ್ಲಿಯೂ ಇಲ್ಲ.

ಮಹಡಿಯ ಮೇಲೆ ಚರ್ಚೆಯಾಯಿತು. ಅವರಿಗೆ ಮತ ಕೊಟ್ಟರೆ ಮುಂದಿನ ಚುನಾವಣೆಯಲ್ಲಿ ಎದುರು ಕೂಟದವರಿಗೆ ಅನುಕೂಲವಾಗುತ್ತದೆಂದು ಲೆಕ್ಕ ಹಾಕಿ ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಹಾಕಿದವರು ವಾಣಿಜ್ಯ ವಿಭಾಗದವರಲ್ಲವೇ! ನಾನು ವಿರೋಧಿಸಿ ಹತ್ತು ನಿಮಿಷ ಮಾತನಾಡಿದೆ. ಕೇಳಿದರು. ಕಾಫಿ ತರಿಸಿದರು. ಆಮೇಲೆ ಕೈಯೆತ್ತಿದಾಗ ಹದಿನಾಲ್ಕು ಒಂದು ಕಡೆ, ಐದು ಒಂದು ಕಡೆ. ಐದರಲ್ಲಿ ನಾನೊಬ್ಬ.

ಕುಂಭಕರ್ಣನೂ ಅಣ್ಣನಿಗೆ ಬುದ್ಧಿ ಹೇಳಿದವನೇ. ಹೇಳಿ, ಅಣ್ಣ ಕೇಳದಿದ್ದಾಗ ಅವನಿಗಾಗಿಯೇ ಹೋರಾಡಿ ಸತ್ತ. ವಿಭೀಷಣ ಸಮುದ್ರ ದಾಟಿ ಹೋದ. ಪುರಾಣ ಹೇಳುವವರು ಈ ಇಬ್ಬರನ್ನೇ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ನನಗೆ ಮಹಾಭಾರತದ ವಿಕರ್ಣನ ನೆನಪಾಗುತ್ತದೆ. ಕೌರವರಲ್ಲೊಬ್ಬನಾಗಿ ಹುಟ್ಟಿ, ದ್ರೌಪದಿಯನ್ನು ಎಳೆತಂದ ಸಭೆಯಲ್ಲಿ ಹಿರಿಯರೆಲ್ಲ ತಲೆ ತಗ್ಗಿಸಿದ್ದಾಗ ಎದ್ದುನಿಂತು ಇದು ಅನ್ಯಾಯವೆಂದವನು ಅವನು. ಕರ್ಣನು ಅವನನ್ನು ಹುಡುಗನೆಂದು ಗದರಿಸಿ ಕೂರಿಸಿದ. ಆದರೂ ವಿಕರ್ಣ ಪಾಂಡವರ ಕಡೆಗೆ ಹೋಗಲಿಲ್ಲ. ಯುದ್ಧದಲ್ಲಿ ಅಣ್ಣಂದಿರೊಡನೆಯೇ ನಿಂತು ಭೀಮನ ಕೈಯಲ್ಲಿ ಸತ್ತ. ಕೊಂದ ಭೀಮನೇ ಅವನಿಗಾಗಿ ಮರುಗಿದ. ಕೂಟದಲ್ಲಿಯೂ ಇದ್ದು, ಸಭೆಯಲ್ಲಿಯೂ ನುಡಿದ. ಈ ದೃಷ್ಟಾಂತವನ್ನು ತರಗತಿಯಲ್ಲಿ ನಾನು ಪ್ರತಿವರ್ಷವೂ ಬಹು ಆವೇಶದಿಂದ ಹೇಳುತ್ತೇನೆ.

ಮಹಾಸಭೆಯ ದಿನ ಬಂದಿತು. ಅತಿಥಿ ಉಪನ್ಯಾಸಕರು ಕೆಲವರು ವೀಕ್ಷಕರಾಗಿ ಹಿಂದಿನ ಬೆಂಚುಗಳ ಮೇಲೆ ಕುಳಿತಿದ್ದರು. ನನ್ನ ಮಿತ್ರರೂ ಇದ್ದರು. ಠರಾವನ್ನು ಓದಿದರು. ಪರವಾಗಿರುವವರು ಕೈಯೆತ್ತಬೇಕೆಂದಾಗ ನನ್ನ ಕೈ ತೊಡೆಯ ಮೇಲಿತ್ತು. ವಿರೋಧಿಸುವವರು ಎಂದಾಗ ನಮ್ಮ ಸಾಲಿನ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ರುಜು ಹಾಕಿದ ಕೈಯೂ ಎದ್ದಿತು. ಹಿಂದಕ್ಕೆ ತಿರುಗಿ ನೋಡಲಿಲ್ಲ. ಠರಾವು ಬಿದ್ದುಹೋಯಿತು, ಅಂತರ ಇಪ್ಪತ್ತಾರು ಮತಗಳು, ಎಂದರೆ ನಾವು ಐವರು ಆ ಕಡೆ ಕೈಯೆತ್ತಿದ್ದರೂ ಬೀಳುತ್ತಿತ್ತು. ಈ ಲೆಕ್ಕವನ್ನು ಬಸ್ಸಿನಲ್ಲಿ ಬರುವಾಗ ನಾನು ಎಷ್ಟು ಸಲ ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ.

ಮಾರನೆಯ ದಿನ ಮಧ್ಯಾಹ್ನ ಅವರು ಎಂದಿನಂತೆ ಡಬ್ಬಿಯೊಡನೆ ಬಂದರು. “ನಿನ್ನೆ ಸಭೆಯಲ್ಲಿ ಸೆಕೆ ಬಹಳವಿತ್ತು” ಎಂದರು. ಹೌದೆಂದೆ. ಗೊಜ್ಜನ್ನು ನನ್ನ ತಟ್ಟೆಗೆ ಬಡಿಸಿ, ಮುಂದಿನ ವಾರ ನಾನು ರಜೆಯಲ್ಲಿ ಹೋಗುವುದಾದರೆ ಪಂಪಭಾರತದ ಪಾಠವನ್ನು ತಾವು ತೆಗೆದುಕೊಳ್ಳಬಹುದೆಂದರು. ಎಲ್ಲಿಯವರೆಗೆ ಆಗಿದೆಯೆಂದು ಕೇಳಿದರು. ದ್ಯೂತದ ಪ್ರಸಂಗದವರೆಗೆ ಎಂದೆ. ಅವರು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿದ್ಧವಾಗಿತ್ತು. ಕಾಗದದ ಕಥೆ, ಹದಿನಾಲ್ಕು ಐದರ ಕಥೆ, ನ್ಯೂಯಾರ್ಕಿನ ಕಥೆ.

ಈಗ ಕೂಟದ ಕಾರ್ಯದರ್ಶಿಗಳಿಗೆ ಒಂದು ಚೀಟಿ ಕಳುಹಿಸಿದ್ದೇನೆ. ಆ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳಬೇಕೆಂದೂ, ಆತ್ಮಸಾಕ್ಷಿಯ ವಿಷಯಗಳಲ್ಲಿ ಸದಸ್ಯರು ಮಹಾಸಭೆಯಲ್ಲಿ ತಮ್ಮ ಇಷ್ಟದಂತೆ ಕೈಯೆತ್ತಬಹುದೆಂಬ ಒಂದು ಸಾಲನ್ನು ಆ ಕಾಗದಕ್ಕೆ ಸೇರಿಸಬೇಕೆಂದೂ ಕೇಳಿದ್ದೇನೆ. “ಮುಗಿದ ವಿಷಯವಲ್ಲವೇ?” ಎಂದು ಅವರು ನಗುತ್ತ ಕೇಳಿದರು, ಆದರೂ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡರು. ಉಳಿದ ನಾಲ್ವರಲ್ಲಿ ಇಬ್ಬರು ಅನುಮೋದಿಸುವುದಾಗಿ ಹೇಳಿದ್ದಾರೆ. ಮೂರನೆಯವರು ಯೋಚಿಸಿ ಹೇಳುತ್ತಾರಂತೆ. ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ, ಅದೇ ಮಹಡಿ. ಬರುವ ಜೂನಿನಲ್ಲಿ ಹೊಸ ಕಾಗದಕ್ಕೆ ರುಜು ಹಾಕುವ ಸಮಯ.

ನನ್ನ ಗೃಹಿಣಿ ಈ ಬಾರಿ ಏನನ್ನೂ ಹೇಳಲಿಲ್ಲ. ಭಾನುವಾರ ಊಟಕ್ಕೆ ಬರುತ್ತೀರೋ ಅಥವಾ ಅಲ್ಲಿಯೇ ದೋಸೆಯೋ ಎಂದು ಮಾತ್ರ ಕೇಳಿದಳು.